ಬೆಳಗಾವಿಯಲ್ಲಿ ಬಾಡಿಗೆ ಮನೆ: ಯಾವ ಭಾಗ, ಎಂಥ ಮನೆ, ಎಷ್ಟು ಹಣ

ಬೆಳಗಾವಿಗೆ ವರ್ಗವಾಗಿ ಬರುವ ನೌಕರರು, ಉದ್ಯಮಬಾಗದ ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರು, ಮಕ್ಕಳ ಓದಿಗೆಂದು ಗೋಕಾಕ, ಬೈಲಹೊಂಗಲ, ಸವದತ್ತಿ ಕಡೆಯಿಂದ ಬಂದು ನೆಲೆಸುವವರು, ಎಲ್ಲರೂ ಮೊದಲು ಕೇಳುವುದು ಒಂದೇ: ಎರಡು ಕೋಣೆ, ಅಡುಗೆಮನೆಯ ಮನೆಗೆ ಬಾಡಿಗೆ ಎಷ್ಟು ನಡೆದಿದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಊರಿನಲ್ಲಿ ಹತ್ತು ಸಾವಿರದ ಒಂದು ಮನೆಗೂ ಹತ್ತು ಸಾವಿರದ ಇನ್ನೊಂದು ಮನೆಗೂ ಇರುವ ಅಂತರ ಬಾಡಿಗೆಯ ಅಂಕಿಯಲ್ಲಿ ಕಾಣುವುದಿಲ್ಲ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಜುಲೈ ಮಳೆಗೆ ಗೋಡೆ ತಡೆದೀತೇ, ಕೆಲಸದ ಜಾಗ ಊರಿನ ಯಾವ ತುದಿಯಲ್ಲಿದೆ ಎಂಬುದರ ಮೇಲೆ ಮನೆ ಅಗ್ಗವೋ ದುಬಾರಿಯೋ ತೀರ್ಮಾನವಾಗುತ್ತದೆ. ಬಾಡಿಗೆ ಕಡಿಮೆಯೆಂದು ಹಿಡಿದ ಮನೆಯನ್ನು ಮೊದಲ ಮಳೆಗಾಲದಲ್ಲೇ ಬಿಟ್ಟು, ಮತ್ತೆ ಟೆಂಪೊ ಕರೆದು ಸಾಮಾನು ಹೇರಿದ ಸಂಸಾರಗಳು ಇಲ್ಲಿ ಬೇಕಾದಷ್ಟಿವೆ. ಆದ್ದರಿಂದ ಬಾಡಿಗೆಯ ಮಾತನ್ನು ಸ್ವಲ್ಪ ತಡವಾಗಿ ಎತ್ತುತ್ತೇನೆ.

ಕೆಲಸ ಯಾವ ಕಡೆಗೋ ಮನೆಯೂ ಆ ಕಡೆಗೆ

ದಕ್ಷಿಣಕ್ಕೆ ಖಾನಾಪುರ ರಸ್ತೆ ಹಿಡಿದರೆ ಟಿಳಕವಾಡಿ, ಅದನ್ನು ದಾಟಿದರೆ ಉದ್ಯಮಬಾಗದ ಕೈಗಾರಿಕಾ ವಸಾಹತು, ಗೋಗಟೆ ತಾಂತ್ರಿಕ ಸಂಸ್ಥೆ, ಇನ್ನೂ ಮುಂದೆ ಪೀರನವಾಡಿ, ಮಚ್ಛೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಉತ್ತರಕ್ಕೆ ನೆಹರೂ ನಗರದ ಕೆಎಲ್‌ಇ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು, ಆಟೋ ನಗರ, ಕಣಬರ್ಗಿ. ಹೆದ್ದಾರಿಯಲ್ಲಿ ಹೋದರೆ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಪೂರ್ವಕ್ಕೆ ಸಾಂಬ್ರಾ ವಿಮಾನ ನಿಲ್ದಾಣ ಮತ್ತು ಹಲಗಾ ಬಳಿಯ ಸುವರ್ಣ ವಿಧಾನಸೌಧ. ಪಶ್ಚಿಮಕ್ಕೆ ಸೇನೆಯ ದಂಡು ಪ್ರದೇಶವಾದ ಕ್ಯಾಂಪ್, ಅದರಾಚೆ ಹಿಂಡಲಗಾ, ಗಣೇಶಪುರ. ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಚನ್ನಮ್ಮ ವೃತ್ತ ಇವೆಲ್ಲದರ ನಡುವೆ.

ಕೆಲಸ ದಕ್ಷಿಣದಲ್ಲಿದ್ದರೆ ಟಿಳಕವಾಡಿ, ಹಿಂದವಾಡಿ, ಭಾಗ್ಯನಗರ, ಅನಗೋಳ ನೋಡಿ. ಉತ್ತರದಲ್ಲಿದ್ದರೆ ಸದಾಶಿವನಗರ, ನೆಹರೂ ನಗರ, ಶಿವಬಸವ ನಗರ, ಮಹಾಂತೇಶ ನಗರ, ರಾಮತೀರ್ಥ ನಗರ. ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಕೆಲಸ ಬೇಡ. ಕಿಲೋಮೀಟರ್ ಲೆಕ್ಕದಲ್ಲಿ ದೂರ ಹೆಚ್ಚೆನಿಸದು. ಆದರೆ ಊರನ್ನು ರೈಲು ಹಳಿ ಸೀಳಿಕೊಂಡು ಹೋಗಿದೆ, ಶಾಲೆ ಬಿಡುವ ಹೊತ್ತಿಗೆ ನಡುವಿನ ರಸ್ತೆಗಳು ಕಟ್ಟಿಕೊಳ್ಳುತ್ತವೆ, ಗಣೇಶೋತ್ಸವದ ದಿನಗಳಲ್ಲಿ ಪೇಟೆಯ ಭಾಗವನ್ನು ದಾಟುವುದೇ ಒಂದು ಕೆಲಸವಾಗುತ್ತದೆ. ಮೇಲ್ಸೇತುವೆಗಳು ಬಂದ ಮೇಲೆ ಮೊದಲಿನಷ್ಟು ಕಷ್ಟವಿಲ್ಲ ಎಂಬುದು ನಿಜ. ಆದರೂ ದಿನಕ್ಕೆರಡು ಬಾರಿ, ವರ್ಷವಿಡೀ ದಾಟಬೇಕಾದವರಿಗೆ ಅದು ಸಣ್ಣ ಮಾತಲ್ಲ.

ಒಂದು ಲೆಕ್ಕ ಹಾಕೋಣ. ಉದ್ಯಮಬಾಗದಲ್ಲಿ ಕೆಲಸ ಮಾಡುವವರಿಗೆ ಹತ್ತಿರದಲ್ಲಿ 11,000 ರೂಪಾಯಿಯ ಮನೆಯೊಂದು, ಉತ್ತರದ ಅಂಚಿನಲ್ಲಿ 8,000 ರೂಪಾಯಿಯ ಮನೆಯೊಂದು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಎರಡನೆಯದಕ್ಕೆ ಹೋದರೆ ಒಂದು ಕಡೆಗೆ 9 ಕಿಲೋಮೀಟರ್ ಹೆಚ್ಚಿನ ಓಡಾಟ. ದಿನಕ್ಕೆ 18, ತಿಂಗಳಿಗೆ 25 ದಿನ ಹಿಡಿದರೆ 450 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಕೊಡುವ ದ್ವಿಚಕ್ರ ವಾಹನಕ್ಕೆ 10 ಲೀಟರ್ ಪೆಟ್ರೋಲ್, ಅಂದರೆ ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಟೈರು, ಆಯಿಲ್, ಸರ್ವಿಸ್ ಎಂದು ಮುನ್ನೂರು ಸೇರಿಸಿ. ಉಳಿಯುತ್ತದೆ ಎಂದುಕೊಂಡ 3,000ದಲ್ಲಿ ಕೈಗೆ ಸಿಗುವುದು 1,700. ಬೇಸಿಗೆಯಲ್ಲಿ ಒಂದೆರಡು ಟ್ಯಾಂಕರ್ ನೀರು ತರಿಸಿದರೆ ಆ ತಿಂಗಳು ಅದೂ ಇಲ್ಲ. ಹೋದ ಹೊತ್ತಿಗೆ, ಮಳೆಯಲ್ಲಿ ನೆನೆದದ್ದಕ್ಕೆ ಬೆಲೆ ಕಟ್ಟಿಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದು, ಇಬ್ಬರ ಕೆಲಸ ಎರಡು ದಿಕ್ಕಿಗೆ ಇದ್ದರೆ? ಇಲ್ಲಿ ಶಕ್ತಿ ಯೋಜನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಜಾಣತನ. 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ; ನಗರ ಸಾರಿಗೆಗೂ ಅದು ಅನ್ವಯಿಸುತ್ತದೆ. ಹಾಗಾಗಿ ಹಣದ ದೃಷ್ಟಿಯಿಂದ ಗಂಡನ ಕೆಲಸದ ಹತ್ತಿರ ಮನೆ ಮಾಡುವುದು ಲಾಭವೆನಿಸುತ್ತದೆ. ಆದರೆ ಇಲ್ಲಿನ ಬಹುತೇಕ ನಗರ ಬಸ್ಸುಗಳು ಊರಿನ ಮುಖ್ಯ ಬಸ್ ನಿಲ್ದಾಣವಾದ ಸಿಬಿಟಿಯಿಂದ ಹೊರಡುವುದರಿಂದ, ಊರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಾಕೆ ಅಲ್ಲಿ ಇಳಿದು ಮತ್ತೊಂದು ಬಸ್ ಹಿಡಿಯಬೇಕು. ಬೆಳಿಗ್ಗೆ ಅಡುಗೆ ಮುಗಿಸಿ, ಮಕ್ಕಳನ್ನು ಕಳಿಸಿ ಹೊರಡುವವಳ ಮೇಲೆ ಎರಡು ಬಸ್ಸಿನ ಭಾರವನ್ನೂ ಹೊರಿಸುವುದು ನ್ಯಾಯವಲ್ಲ. ನನ್ನ ಸಲಹೆ: ಸಂಜೆ ಯಾರು ಮೊದಲು ಮನೆ ಸೇರಿ ಮಕ್ಕಳನ್ನು ನೋಡಿಕೊಳ್ಳಬೇಕೋ ಅವರ ಕೆಲಸದ ಹತ್ತಿರ ಮನೆ ಇರಲಿ. ಪೆಟ್ರೋಲ್ ಖರ್ಚು ಇನ್ನೊಬ್ಬರದಾಗಲಿ.

ಭಾಗಗಳ ಗುಣವೂ ಬೇರೆ ಬೇರೆ. ಟಿಳಕವಾಡಿಯಲ್ಲಿ ಮರದ ನೆರಳು, ಕಾಲ್ನಡಿಗೆಯಲ್ಲೇ ಶಾಲೆ ಕಾಲೇಜು, ಹಳೆಯ ಬಂಗಲೆಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್‌ಗಳು. ಕೇಳುವವರು ಹೆಚ್ಚು, ಹಾಗಾಗಿ ಚೌಕಾಸಿಗೆ ಎಡೆ ಕಡಿಮೆ. ಸದಾಶಿವನಗರ, ನೆಹರೂ ನಗರದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ದಾದಿಯರು, ಆಸ್ಪತ್ರೆಯ ನೌಕರರು ಸಣ್ಣ ಮನೆಗಳನ್ನು ಖಾಲಿ ಬಿಡುವುದಿಲ್ಲ. ರಾಮತೀರ್ಥ ನಗರದಲ್ಲಿ ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ. ಪೇಟೆಗೆ ಮಾತ್ರ ದೂರ. ಹಿಂಡಲಗಾ, ಗಣೇಶಪುರದ ಕಡೆ ಸೇನೆಯ ಕುಟುಂಬಗಳು ಬಾಡಿಗೆಗೆ ಇರುವುದರಿಂದ ಒಳ್ಳೆಯ ಮನೆಗಳು ಆಗಾಗ ತೆರವಾಗುತ್ತವೆ. ಆದರೆ ಪಾಲಿಕೆಯ ಗಡಿ ದಾಟಿದರೆ ನೀರಿನ ವ್ಯವಸ್ಥೆ ಬದಲಾಗುತ್ತದೆ, ಅದನ್ನು ಮರೆಯಬಾರದು.

ಶಹಾಪುರ, ವಡಗಾವಿ, ಖಾಸಬಾಗ ನೇಕಾರರ ಬೀಡು. ಬಾಡಿಗೆ ಹಗುರ, ಕಾಯಿಪಲ್ಲೆ ಕಿರಾಣಿ ಕೈಯಳತೆಯಲ್ಲಿ, ನೆರೆಹೊರೆ ಗಟ್ಟಿ. ಕಡಿಮೆ ಆದಾಯದ ಸಂಸಾರಕ್ಕೆ ಈ ಭಾಗವನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಎರಡು ಎಚ್ಚರಿಕೆ ಮಾತ್ರ ಇರಲಿ. ಪಕ್ಕದ ಗೋಡೆಯಾಚೆ ವಿದ್ಯುತ್ ಮಗ್ಗವಿದ್ದರೆ ಹಗಲೆಲ್ಲ ಅದರ ಸದ್ದು ಗೋಡೆಯಲ್ಲೇ ಇರುತ್ತದೆ; ಮಗ್ಗ ನಿಂತಿರುವ ರಜೆಯ ದಿನ ಮನೆ ನೋಡಿ ಬಂದರೆ ಗೊತ್ತಾಗುವುದಿಲ್ಲ, ಕೆಲಸದ ದಿನವೇ ಹೋಗಿ. ಇನ್ನೊಂದು, ಈ ಭಾಗದ ಹತ್ತಿರ ಹರಿಯುವ ಬಳ್ಳಾರಿ ನಾಲಾ ಎಂಬ ಹಳ್ಳ. 2019ರ ಆಗಸ್ಟ್ ಮಳೆಯಲ್ಲಿ ಊರಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ನಾಲಾ ಹತ್ತಿರದ ಮನೆಯಾದರೆ ‘ಆಗ ನೀರು ಎಲ್ಲಿಯವರೆಗೆ ಬಂದಿತ್ತು’ ಎಂದು ಓಣಿಯ ಹಿರಿಯರನ್ನು ಕೇಳಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಅಪಾರ್ಟ್‌ಮೆಂಟ್, ಮಾಲೀಕರ ಮನೆಯ ಮಹಡಿ, ಹಳೆಯ ಚಾಳ

ಅಪಾರ್ಟ್‌ಮೆಂಟ್‌ನಲ್ಲಿ ಕಾವಲುಗಾರ, ಲಿಫ್ಟ್, ವಾಹನ ನಿಲ್ಲಿಸಲು ಜಾಗ. ಮನೆಯಲ್ಲಿ ಒಬ್ಬರೇ ಇರುವ ವೃದ್ಧರಿಗೆ, ರಾತ್ರಿ ಪಾಳಿಯಿಂದ ಬರುವ ಮಹಿಳೆಯರಿಗೆ ಇದು ನಿಜವಾದ ಅನುಕೂಲ. ಆದರೆ ನಿರ್ವಹಣಾ ಶುಲ್ಕ ಬಾಡಿಗೆಯ ಹೊರಗಿರುತ್ತದೆ. ಅದು ಯಾರು ಕೊಡಬೇಕು ಎಂಬುದು ಮೊದಲ ದಿನವೇ ಸ್ಪಷ್ಟವಾಗಬೇಕು. ಮಾಲೀಕರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಒಡೆದ ಪೈಪಿಗೆ ಉತ್ತರ ಬರುವುದು ಫೋನಿನಲ್ಲಿ. ಸಣ್ಣ ದುರಸ್ತಿಗಳಿಗೆ ಇಂತಿಷ್ಟು ರೂಪಾಯಿಯವರೆಗೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಒಪ್ಪಂದ ಇದಕ್ಕೆ ಮದ್ದು.

ಮಾಲೀಕರು ಕೆಳಗಿದ್ದು ಮೇಲ್ಮಹಡಿ ಬಾಡಿಗೆಗೆ ಕೊಡುವ ಮನೆ ಇಲ್ಲಿ ಎಲ್ಲೆಡೆ ಸಿಗುತ್ತದೆ. ಸಂಸಾರಸ್ಥರಿಗೆ ನನ್ನ ಮೊದಲ ಆಯ್ಕೆ ಇದೇ. ಕಾರಣ ಸರಳ: ನೀರು ಬಾರದಿದ್ದರೆ ಮಾಲೀಕರಿಗೂ ಬರುವುದಿಲ್ಲ, ಮಾಡು ಸೋರಿದರೆ ತಮ್ಮ ಮನೆಗೂ ತೇವ ಇಳಿಯುತ್ತದೆಂಬ ಹೆದರಿಕೆ ಅವರಿಗೂ ಇರುತ್ತದೆ. ದುರಸ್ತಿಗೆ ದುಂಬಾಲು ಬೀಳಬೇಕಿಲ್ಲ. ಬದಲಿಗೆ ಸ್ವಾತಂತ್ರ್ಯ ಸ್ವಲ್ಪ ಹೋಗುತ್ತದೆ. ಗೇಟಿಗೆ ಕೀಲಿ ಹಾಕುವ ಹೊತ್ತು, ಬಂದುಹೋಗುವ ನೆಂಟರು, ಮೋಟಾರ್ ಹಾಕುವ ಸಮಯ, ಎಲ್ಲದರಲ್ಲೂ ಅವರ ಮಾತು ಇರುತ್ತದೆ. ಗೇಟಿನ ಎರಡನೆಯ ಕೀಲಿ ನಿಮ್ಮ ಕೈಗೆ ಕೊಡುತ್ತಾರೋ ಇಲ್ಲವೋ ಕೇಳಿ ನೋಡಿ. ಮುಂದಿನ ವರ್ಷ ಹೇಗಿರುತ್ತದೆ ಎಂಬುದು ಆ ಉತ್ತರದಲ್ಲೇ ತಿಳಿಯುತ್ತದೆ.

ಪೇಟೆಯ ಗಲ್ಲಿಗಳಲ್ಲಿ, ಶಹಾಪುರದ ಹಳೆಯ ಓಣಿಗಳಲ್ಲಿ ಇನ್ನೂ ಹೆಂಚಿನ ಮನೆಗಳು, ಸಾಲು ಮನೆಯ ಚಾಳಗಳು ಇವೆ. ಬಾಡಿಗೆ ಕಡಿಮೆ, ಎಲ್ಲವೂ ಕಾಲ್ನಡಿಗೆಯ ದೂರ, ಕೆಲವಕ್ಕೆ ಬಾವಿಯ ನೀರೂ ಉಂಟು. ಶೌಚಾಲಯ ಸ್ವಂತದ್ದೋ ಹಂಚಿಕೊಳ್ಳುವುದೋ ಎಂಬುದೊಂದನ್ನು ಮಾತ್ರ ಕಡ್ಡಾಯವಾಗಿ ನೋಡಿ. ಓದುವ ಹುಡುಗರು ಮೂವರು ಸೇರಿ ಹಿಡಿಯಲು, ಹೊಸದಾಗಿ ಸಂಸಾರ ಹೂಡಿ ಹಣ ಕೂಡಿಸಬೇಕೆನ್ನುವವರಿಗೆ ಇವು ಚೆನ್ನ. ಒಬ್ಬರೇ ಇರುವವರು ಪಿಜಿಗೂ ಹಂಚಿಕೊಂಡ ಮನೆಗೂ ಹೋಲಿಸುವಾಗ ಊಟದ ಖರ್ಚನ್ನು ಕೂಡಿಸಿಯೇ ಹೋಲಿಸಬೇಕು. ಅಡುಗೆ ಬಲ್ಲವರಿಗೆ ಹಂಚಿಕೊಂಡ ಮನೆ, ಬಾರದವರಿಗೆ ಪಿಜಿ.

ನೀರು, ಆಮೇಲೆ ಮಳೆ

ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಅಣೆಕಟ್ಟೆಯಿಂದ. ಪಾಲಿಕೆಯ 58 ವಾರ್ಡುಗಳಲ್ಲಿ 10 ವಾರ್ಡುಗಳಿಗೆ 2008ರ ಸುಮಾರಿಗೇ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಡುವ ವ್ಯವಸ್ಥೆ ಬಂತು. ಉಳಿದ ಕಡೆ ಸರದಿಯ ಮೇಲೆ ನೀರು ಬಿಡುವ ಪದ್ಧತಿ ಮುಂದುವರಿಯಿತು. ಎಲ್ಲ ವಾರ್ಡುಗಳಿಗೂ ಅದನ್ನು ವಿಸ್ತರಿಸುವ ಕಾಮಗಾರಿ ಕೈಗೊಂಡಿದ್ದರೂ, ನೀವು ನೋಡುತ್ತಿರುವ ಓಣಿಯ ಸ್ಥಿತಿ ಇಂದು ಏನೆಂಬುದೇ ಮುಖ್ಯ. ಒಂದೇ ಬಡಾವಣೆಯ ಎರಡು ಅಡ್ಡರಸ್ತೆಗಳಿಗೆ ಬೇರೆ ಬೇರೆ ದಿನ ನೀರು ಬರುವುದುಂಟು.

ಇದನ್ನು ಮಾಲೀಕರಲ್ಲಿ ಕೇಳಿದರೆ ‘ನೀರಿನ ತೊಂದರೆಯೇ ಇಲ್ಲ’ ಎನ್ನುತ್ತಾರೆ. ಓಣಿಯ ಕಿರಾಣಿ ಅಂಗಡಿಯಲ್ಲಿ ಏನಾದರೂ ಕೊಂಡು, ‘ಕಾಕಾ, ಇಲ್ಲಿ ನೀರು ಯಾವ ದಿನ ಬಿಡುತ್ತಾರೆ, ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಂತು?’ ಎಂದು ಕೇಳಿ. ಪಕ್ಕದ ಮನೆಯ ಅಂಗಳದಲ್ಲಿರುವ ಹೆಂಗಸರನ್ನೂ ಕೇಳಿ. ಕೊಡ ತುಂಬುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಮನೆಯ ನೆಲದ ತೊಟ್ಟಿಯ ಮುಚ್ಚಳ ತೆಗೆಸಿ ಒಳಗೆ ನೋಡಿ. ತೊಟ್ಟಿ ಎಷ್ಟು ಆಳ, ಅದನ್ನು ಎಷ್ಟು ಮನೆಗಳು ಹಂಚಿಕೊಂಡಿವೆ, ಮಾಡಿನ ಮೇಲೆ ನಿಮ್ಮ ಪಾಲಿನ ಸಿಂಟೆಕ್ಸ್ ಬೇರೆ ಇದೆಯೇ? ಐದು ದಿನಕ್ಕೊಮ್ಮೆ ನೀರು ಬಂದರೂ ದೊಡ್ಡ ತೊಟ್ಟಿ ಇದ್ದರೆ ಸಂಸಾರ ಸಲೀಸು; ಎರಡು ದಿನಕ್ಕೊಮ್ಮೆ ಬಂದರೂ ಸಂಗ್ರಹವಿಲ್ಲದಿದ್ದರೆ ಗೋಳು ತಪ್ಪದು. ಬೋರ್ ನೀರು ಇದೆಯೆಂದರೆ ಒಂದು ಬಾಟಲಿಯಲ್ಲಿ ತಂದು ಬೇಳೆ ಬೇಯಿಸಿ ನೋಡಿ. ಗಡುಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ.

ಮಳೆಯ ವಿಷಯಕ್ಕೆ ಬಂದರೆ, ಬಾಗಲಕೋಟೆ, ವಿಜಯಪುರದಂಥ ಒಣ ಊರಿನಿಂದ ಬರುವವರಿಗೆ ಇದರ ಅಂದಾಜೇ ಇರುವುದಿಲ್ಲ. ಸಹ್ಯಾದ್ರಿಯ ಮಗ್ಗುಲಿನ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ದಿನಗಳು ಸಾಲಾಗಿ ಬರುತ್ತವೆ. ಮಳೆಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಪಕ್ಕದಲ್ಲಿ ಬೇರೆ ಕಟ್ಟಡದ ಮರೆಯಿಲ್ಲದ, ಬಯಲಿಗೆ ತೆರೆದ ಪಶ್ಚಿಮದ ಗೋಡೆಯೇ ಮೊದಲು ನೀರು ಕುಡಿಯುತ್ತದೆ. ಮನೆ ನೋಡಲು ಹೋದಾಗ ದಿಕ್ಕು ಗುರುತಿಸಿ ನೇರವಾಗಿ ಆ ಗೋಡೆಯ ಹತ್ತಿರ ಹೋಗಿ. ಹೆಚ್ಚಿನವರು ಮನೆ ಹುಡುಕುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಗೋಡೆ ಒಣಗಿರುತ್ತದೆ, ಮೇಲೆ ಹೊಸ ಬಣ್ಣ. ಆದರೂ ಗುರುತು ಉಳಿದಿರುತ್ತದೆ. ಅಂಗೈಯನ್ನು ಒತ್ತಿ ಸವರಿದರೆ ಬಣ್ಣದ ಕೆಳಗೆ ಗುಳ್ಳೆ ಸಿಗುತ್ತದೆ, ಬೆರಳಿನಿಂದ ತಟ್ಟಿದರೆ ಅಲ್ಲಿ ಗಾರೆ ಟೊಳ್ಳು ಸದ್ದು ಕೊಡುತ್ತದೆ. ನೆಲದಿಂದ ಎರಡು ಅಡಿ ಎತ್ತರದವರೆಗೆ ಬಿಳಿ ಪುಡಿ ಉದುರುತ್ತಿದ್ದರೆ ಅದು ನೆಲದಿಂದ ಏರಿದ ತೇವ, ಬಣ್ಣ ಬಳಿದರೆ ಹೋಗುವಂಥದ್ದಲ್ಲ. ಗೋಡೆಯ ಕಪಾಟಿನ ಬಾಗಿಲು ತೆರೆದು ಒಳಗೆ ಮೂಸಿ ನೋಡಿ. ಹೊಸ ಬಣ್ಣ ಹೊಡೆದವರೂ ಕಪಾಟಿನ ಒಳಗೆ ಹೊಡೆಯುವುದು ಅಪರೂಪ. ಮುಗ್ಗಲು ವಾಸನೆ ಬಂದರೆ ನಿಮ್ಮ ರೇಷ್ಮೆ ಸೀರೆ, ಮಕ್ಕಳ ಪುಸ್ತಕ ಆ ಮನೆಯಲ್ಲಿ ಕ್ಷೇಮವಾಗಿ ಇರವು. ಮನೆಯಲ್ಲಿ ದಮ್ಮು ಇರುವವರಿದ್ದರೆ ಅಂಥ ಮನೆಯನ್ನು ಅರ್ಧ ಬಾಡಿಗೆಗೆ ಕೊಟ್ಟರೂ ಒಪ್ಪಬೇಡಿ.

ಮೇಲಿನ ಮಹಡಿಯಾದರೆ ಮಾಡಿನ ಮೇಲೆ ಪತ್ರಾಸಿನ ಶೆಡ್ ಇದೆಯೇ ನೋಡಿ. ನೋಡಲು ಚೆಂದವಿಲ್ಲ, ಆದರೆ ಸೋರಿಕೆಗೂ ಬೇಸಿಗೆಯ ಕಾವಿಗೂ ಅದೇ ರಕ್ಷಣೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗವೂ ಹೌದು. ಎರಡು ಮನೆಗಳು ಉಳಿದೆಲ್ಲದರಲ್ಲೂ ಸಮನಾಗಿದ್ದರೆ ನಾನು ಶೆಡ್ ಇರುವ ಮನೆಯನ್ನೇ ಹಿಡಿಯುತ್ತೇನೆ.

ಮೀಟರ್ ಬೇರೆ ಇದೆಯೇ?

ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ, ತಿಂಗಳಿಗೆ ನೂರಾರು ರೂಪಾಯಿಯ ಪ್ರಶ್ನೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಅದು ಸಿಗುವುದು ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರಿನ ಆರ್‌ಆರ್ ಸಂಖ್ಯೆಗೆ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆಗೆ. ಮಹಡಿಗೆ ಪ್ರತ್ಯೇಕ ಮೀಟರ್ ಇದ್ದು ಅದಕ್ಕೆ ನಿಮ್ಮ ಆಧಾರ್ ಜೋಡಿಸಿದರೆ ಲಾಭ ನಿಮಗೆ. ಮಾಲೀಕರು ತಮ್ಮದೇ ಮೀಟರಿನಿಂದ ಸಬ್ ಮೀಟರ್ ಕೊಟ್ಟು ಯೂನಿಟ್‌ಗೆ ಇಷ್ಟೆಂದು ವಸೂಲಿ ಮಾಡುವ ಮನೆಯಲ್ಲಿ ನಿಮಗೆ ಏನೂ ದಕ್ಕುವುದಿಲ್ಲ. ಉಚಿತ ಎಂದರೆ ಇನ್ನೂರು ಯೂನಿಟ್ ಪೂರ್ತಿ ಎಂದೂ ಅಲ್ಲ: ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಅರ್ಹತೆ ನಿಗದಿಯಾಗುತ್ತದೆ, ಅದನ್ನು ಮೀರಿದಷ್ಟಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ರದ್ದು ಮಾಡಿಸಿ ಹೋಗಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ನಿಮ್ಮ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಬಾಡಿಗೆಯೋ ಭೋಗ್ಯವೋ

ಎಷ್ಟು ಕೊಡಬಹುದು? ಬಾಡಿಗೆ, ನಿರ್ವಹಣೆ, ವಿದ್ಯುತ್ತು, ನೀರು, ಕೆಲಸಕ್ಕೆ ಓಡಾಟ ಎಲ್ಲ ಸೇರಿ ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗ ಮೀರಬಾರದು ಎಂಬುದು ನಾನು ಇಟ್ಟುಕೊಂಡ ಲೆಕ್ಕ. 36,000 ಬರುವವರಿಗೆ ಎಲ್ಲ ಸೇರಿ 12,000. ಅಂದರೆ ಬಾಡಿಗೆ ಒಂಬತ್ತರ ಆಸುಪಾಸು. ಇದನ್ನು ಮೀರಿದರೆ ಮಕ್ಕಳ ಶುಲ್ಕದ ತಿಂಗಳು ಸೊಸೈಟಿಯ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ಠೇವಣಿ ಇಷ್ಟೇ ಎಂಬ ನಿಯಮವಿಲ್ಲ, ಮಾತುಕತೆಯಲ್ಲಿ ಕುದುರಿದ್ದೇ ಲೆಕ್ಕ. ‘ಠೇವಣಿ ಐವತ್ತು ಸಾವಿರ ಹೆಚ್ಚು ಕೊಡಿ, ಬಾಡಿಗೆ ಇಳಿಸುತ್ತೇನೆ’ ಎಂದರೆ ಹೀಗೆ ಅಳೆಯಿರಿ: ಬ್ಯಾಂಕಿನಲ್ಲಿ ಶೇ 6.5ರ ಬಡ್ಡಿ ಎಂದರೆ ಆ ಹಣ ವರ್ಷಕ್ಕೆ 3,250, ತಿಂಗಳಿಗೆ ಸುಮಾರು 270 ರೂಪಾಯಿ ದುಡಿಯುತ್ತದೆ. ಬಾಡಿಗೆ ಐನೂರು ಇಳಿದರೆ ಲಾಭವೇ. ಇನ್ನೂರು ಇಳಿದರೆ ಬೇಡ.

ಭೋಗ್ಯ, ಅಂದರೆ ಈಗ ಎಲ್ಲರೂ ಲೀಸ್ ಎನ್ನುವುದು, ಬೆಂಗಳೂರಿನಷ್ಟು ಇಲ್ಲಿ ರೂಢಿಯಲ್ಲಿಲ್ಲ, ಆದರೂ ಕೇಳಿಬರುತ್ತದೆ. 6 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರಿ, ಹೋಗುವಾಗ ಪೂರ್ತಿ ಹಣ ವಾಪಸ್. ಅದೇ ಬಡ್ಡಿ ದರದಲ್ಲಿ 6 ಲಕ್ಷಕ್ಕೆ ತಿಂಗಳಿಗೆ 3,250 ರೂಪಾಯಿ ಬಿಟ್ಟಂತಾಗುತ್ತದೆ, ಮನೆಯ ಬಾಡಿಗೆ 9,000 ಆಗುತ್ತಿತ್ತು ಎನ್ನೋಣ. ಉಳಿತಾಯ ಕಣ್ಣಿಗೆ ಕಟ್ಟುತ್ತದೆ. ಆದರೆ ಅದನ್ನೇ ಮಾಲೀಕರ ಕಡೆಯಿಂದ ಓದಿ: ತಿಂಗಳಿಗೆ 9,000, ವರ್ಷಕ್ಕೆ 1,08,000 ಬಿಟ್ಟುಕೊಟ್ಟು 6 ಲಕ್ಷ ಪಡೆಯುತ್ತಿದ್ದಾರೆ. ಶೇ 18ರ ಬಡ್ಡಿಯ ಸಾಲ ಅದು. ಮನೆಯನ್ನೇ ಅಡವಿಟ್ಟರೆ ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವಾಗ ಇವರು ನಿಮ್ಮ ಹತ್ತಿರ ಏಕೆ ಬಂದರು? ಮನೆ ಆಗಲೇ ಅಡವಿನಲ್ಲಿ ಇರಬಹುದು. ಸಾಲ ಕಟ್ಟದಿದ್ದರೆ ಮನೆ ಹರಾಜಿಗೆ ಹೋಗುತ್ತದೆ, ನಿಮ್ಮ ಆರು ಲಕ್ಷ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ.

ಆದರೂ ಭೋಗ್ಯಕ್ಕೇ ಹೋಗುವುದಾದರೆ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ನಮೂನೆ 15ರಲ್ಲಿ ಬಂದರೆ ವ್ಯವಹಾರಗಳು ದಾಖಲಾಗಿವೆ ಎಂದು, ನಮೂನೆ 16 ಎಂದರೆ ಆ ಅವಧಿಯಲ್ಲಿ ಯಾವುದೂ ಇಲ್ಲ ಎಂದು. ಅಷ್ಟಕ್ಕೇ ನೆಮ್ಮದಿಪಡಬೇಡಿ. ಹಕ್ಕುಪತ್ರಗಳನ್ನು ಇಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಅದರಲ್ಲಿ ಕಾಣದೆ ಹೋಗಬಹುದು. ಈ ಊರಿನಲ್ಲಿ ಸಹಕಾರಿ ಸೊಸೈಟಿಗಳು ಓಣಿಗೊಂದು ಇರುವುದನ್ನು ನೆನಪಿಡಿ. ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು. ‘ಜೆರಾಕ್ಸ್ ಇದೆ, ಮೂಲ ಪತ್ರ ಅಣ್ಣನ ಹತ್ತಿರ ಇದೆ’ ಎಂದರೆ ಅಲ್ಲಿಗೇ ಕೈಮುಗಿದು ಬನ್ನಿ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ನೋಂದಣಿಗೆ ಒಪ್ಪದ ಮಾಲೀಕರಿಗೆ ಜೀವನದ ಗಳಿಕೆ ಕೊಡುವುದು ಬೇಡವೇ ಬೇಡ. ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಹೀಗೆ ಸಿಕ್ಕಿಸಿಕೊಂಡು ಒದ್ದಾಡುವವರನ್ನು ಕಂಡಾಗ ಸಂಕಟವಾಗುತ್ತದೆ. ಸಾಧಾರಣ ಸಂಸಾರಕ್ಕೆ ತಿಂಗಳ ಬಾಡಿಗೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಡುಕುವ ದಾರಿ

ವರ್ಗಾವಣೆ, ಶಾಲೆಯ ಆರಂಭ ಎರಡೂ ಒಟ್ಟಿಗೆ ಬೀಳುವುದರಿಂದ ಮೇ ಮತ್ತು ಜೂನ್ ತಿಂಗಳಲ್ಲಿ ಮನೆಗೆ ಪೈಪೋಟಿ. ಅವಸರವಿಲ್ಲದವರು ಮಳೆ ಸುರಿಯುವ ಜುಲೈ, ಆಗಸ್ಟ್‌ನಲ್ಲಿ ನೋಡಿದರೆ ಗೋಡೆಯ ಬಣ್ಣ ಬಯಲಾಗಿರುತ್ತದೆ, ಬಾಡಿಗೆಯ ಮಾತೂ ಮೆತ್ತಗಾಗಿರುತ್ತದೆ.

ದಲ್ಲಾಳಿಗಳು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯನ್ನು ಕೇಳುತ್ತಾರೆ. ಹೊರಗಿನಿಂದ ಬಂದು ಎರಡೇ ದಿನದಲ್ಲಿ ಮನೆ ಗಟ್ಟಿ ಮಾಡಬೇಕಾದವರಿಗೆ ಅದು ವ್ಯರ್ಥವಲ್ಲ. ಊರಿನಲ್ಲೇ ಯಾರಾದರೂ ಪರಿಚಯದವರಿದ್ದರೆ ಸಂಜೆ ಬೇಕಾದ ಬಡಾವಣೆಯಲ್ಲಿ ನಡೆದು ಗೇಟುಗಳ ಮೇಲಿನ ಫಲಕ ನೋಡುವುದೇ ಉತ್ತಮ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದಿರುತ್ತಾರೆ. ಅಂತರ್ಜಾಲದ ಜಾಹೀರಾತುಗಳಲ್ಲಿ ಸೇನೆಯ ಅಧಿಕಾರಿ ಎಂದು ಹೇಳಿಕೊಂಡು, ಗುರುತಿನ ಚೀಟಿಯ ಚಿತ್ರ ಕಳಿಸಿ ಮುಂಗಡ ಕೇಳುವ ವಂಚನೆ ದೇಶದಾದ್ಯಂತ ನಡೆದಿದೆ. ಇದು ಸೇನೆಯ ಊರಾದ್ದರಿಂದ ಮಾತು ನಂಬುವಂತೆಯೇ ಇರುತ್ತದೆ. ಕೀಲಿ ತಿರುಗಿಸಿ ಒಳಗೆ ಕಾಲಿಡುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಊಟ ಏನು, ಜಾತಿ ಯಾವುದು, ಧರ್ಮ ಯಾವುದು ಎಂದು ಕೇಳಿ ಬಾಗಿಲು ಹಾಕುವವರು ಇಲ್ಲಿಯೂ ಇದ್ದಾರೆ. ಮುಸ್ಲಿಂ, ದಲಿತ ಕುಟುಂಬಗಳು, ಒಂಟಿ ಮಹಿಳೆಯರು, ಮದುವೆಯಾಗದ ಹುಡುಗರು ಇದನ್ನು ಹೆಚ್ಚಾಗಿ ಅನುಭವಿಸುತ್ತಾರೆ. ಬಾಡಿಗೆ ಕೊಡುವ ಶಕ್ತಿ ಇದ್ದೂ ದೂರದ, ಅನುಕೂಲವಿಲ್ಲದ ಮನೆಗೆ ಹೋಗುವಂತಾಗುತ್ತದೆ. ಇದು ಅನ್ಯಾಯ. ನಿಮ್ಮ ಮನೆ ಬಾಡಿಗೆಗೆ ಕೊಡುವ ಸ್ಥಾನದಲ್ಲಿ ನೀವಿದ್ದರೆ ಈ ಪ್ರಶ್ನೆಗಳನ್ನು ಬಿಟ್ಟು ಕೆಲಸ ಎಲ್ಲಿ, ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ ಎಂದಷ್ಟೇ ಕೇಳಿ. ಒಳ್ಳೆಯ ಬಾಡಿಗೆದಾರರನ್ನು ಗುರುತಿಸಲು ಅಷ್ಟು ಸಾಕು.

ಕರಾರಿನಲ್ಲಿ ಏನಿರಬೇಕು

ಹನ್ನೊಂದು ತಿಂಗಳ ಕರಾರು ರೂಢಿ; ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಬಾಡಿಗೆ ಕಾಯ್ದೆ ತಮ್ಮನ್ನು ಕಾಪಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದಿನ ಹೆಚ್ಚಿನ ಮನೆಗಳು ಅದರ ಹೊರಗೇ ಇವೆ. ನಿಮಗಿರುವ ಆಸರೆ ನಿಮ್ಮ ಕರಾರು. ಅದರಲ್ಲಿ ತೆರವಿನ ಸೂಚನೆಯ ಮಾತೇ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು 15 ದಿನಗಳ ನೋಟಿಸಿನಲ್ಲಿ ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಎರಡು ತಿಂಗಳ ಸೂಚನೆ ಎಂದು ಬರೆಸಿ. ನವೀಕರಣದಲ್ಲಿ ಬಾಡಿಗೆ ಶೇಕಡಾ ಎಷ್ಟು ಏರಬೇಕು, ನೀರಿನ ಬಿಲ್ ಯಾರದು, ಎಷ್ಟು ವಾಹನ ನಿಲ್ಲಿಸಬಹುದು ಎಂಬುದೂ ಅದರಲ್ಲಿರಲಿ.

ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರರು ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕೊಡುತ್ತಿದ್ದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ತಿಂಗಳಿಗೆ 8,333 ದಾಟಿದ ಬಾಡಿಗೆ ಎಂದರೆ ಈ ಮಾತು ಬರುತ್ತದೆ. ಪ್ಯಾನ್ ಕೊಡಲು ಒಪ್ಪುತ್ತಾರೆಯೇ ಎಂದು ಮುಂಗಡಕ್ಕೆ ಮೊದಲೇ ಕೇಳಿ. ಫೆಬ್ರವರಿಯಲ್ಲಿ ಕಚೇರಿ ದಾಖಲೆ ಕೇಳಿದಾಗ ಮಾಲೀಕರ ಮುಂದೆ ಗೋಗರೆಯುವುದು ತಪ್ಪುತ್ತದೆ. ಹೊಸ ಪದ್ಧತಿಯಲ್ಲಿ ಇರುವವರಿಗೆ ಈ ವಿನಾಯಿತಿಯೇ ಇಲ್ಲ.

ಜಗಳ ಹುಟ್ಟುವುದು ಬಿಡುವಾಗ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳುವುದು ಎಷ್ಟೋ ಕಡೆ ನಡೆದುಬಂದಿದೆ. ಆ ಮೊತ್ತವನ್ನು ಕರಾರಿನಲ್ಲೇ ಅಂಕಿಯಲ್ಲಿ ಬರೆಸಿಕೊಳ್ಳಿ, ‘ನೋಡೋಣ’ ಎಂಬ ಮಾತಿಗೆ ಬಿಡಬೇಡಿ. ಒಳಗೆ ಹೋಗುವ ದಿನ ಮೀಟರಿನ ಅಂಕಿ, ಪಶ್ಚಿಮದ ಗೋಡೆ, ಸಿಂಕು, ಕಿಟಕಿಯ ಗಾಜು, ನಳಗಳು, ಬಿರುಕು ಇದ್ದರೆ ಬಿರುಕು, ಎಲ್ಲದರ ಚಿತ್ರ ಮೊಬೈಲಿನಲ್ಲಿ ತೆಗೆದು ಅವತ್ತೇ ಮಾಲೀಕರಿಗೆ ಕಳಿಸಿ. ಬಿಡುವ ದಿನ ಅದೇ ಚಿತ್ರಗಳನ್ನು ಮುಂದಿಟ್ಟುಕೊಂಡು ಮನೆಯನ್ನು ಅವರ ಜೊತೆ ಒಂದು ಸುತ್ತು ನೋಡಿ, ಕೊನೆಯ ವಿದ್ಯುತ್ ಬಿಲ್ ಕಟ್ಟಿ, ಗೃಹಜ್ಯೋತಿಯ ಆಧಾರ್ ಜೋಡಣೆ ರದ್ದು ಮಾಡಿಸಿ, ಠೇವಣಿ ಖಾತೆಗೆ ಬಂದ ಮೇಲೆ ಕೀಲಿ ಕೊಡಿ.